ಶಾಂತಿ ಕೋಂ ಶಿವಮಲ್ಲು

ನಾನು ಅನುಮಾನದ ಹೆಂಗಸು. ಇದನ್ನು ಯಾರೂ ಬೈಗುಳ ಎಂದುಕೊಳ್ಳಬೇಕಿಲ್ಲ. ನನ್ನ ಅನ್ನ ಹುಟ್ಟುವುದೇ ಇದರಿಂದ. ಗುಂಡ್ಲುಪೇಟೆಯಲ್ಲಿ ಜಮೀನಿನ ಪತ್ರ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆದರೂ ಜಮೀನು ಕೊಳ್ಳುವವರು ನಮ್ಮ ತಾಲ್ಲೂಕಿನ ಮದ್ದೂರಿನ ಕಾಡಂಚಿನಿಂದಲೂ ಬಸ್ಸು ಹತ್ತಿ ಬಂದು, "ಚಂದ್ರಮತಿ ಮೇಡಂ ಬಂದವ್ರಾ?" ಎಂದು ಕೇಳಿಕೊಂಡು ನನ್ನ ಆಫೀಸಿನ ಮೆಟ್ಟಿಲ ಮೇಲೆ ಕಾದು ಕೂರುತ್ತಾರೆ. ಹೆಬ್ಬೆಟ್ಟು ಒತ್ತಲು ಬಂದಿರುವುದು ನಿಜವಾದ ಅಜ್ಜಿಯೋ, ಅಜ್ಜಿಯ ಸೀರೆ ಉಟ್ಟು ಬಂದ ಬೇರೆ ಯಾರೋ ಎಂದು ನಾಲ್ಕು ಪ್ರಶ್ನೆಯಲ್ಲಿ ಹೇಳಿಬಿಡುತ್ತೇನೆ ಎಂಬ ಹೆಸರು ನನಗಿದೆ. ಸತ್ತು ಮೂರು ವರ್ಷವಾದ ಅಪ್ಪನನ್ನು ಕೈಹಿಡಿದು ಕರೆದುಕೊಂಡು ಬಂದಿದ್ದ ಒಬ್ಬ ಮಹಾಶಯನನ್ನು ಬಂದ ದಾರಿಗೆ ಕಳಿಸಿದವಳೂ ನಾನೇ. ಆ ಅಪ್ಪನಿಗೆ ತನ್ನ ಹೆಂಡತಿಯ ತವರೂರು ಯಾವುದೆಂದು ಗೊತ್ತಿರಲಿಲ್ಲ.

ನನಗೀಗ ನಲವತ್ತೇಳು. ಗಂಡ ಗಂಗಾಧರಸ್ವಾಮಿ ಎದೆನೋವೆಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಅದಾಗಿ ಒಂಬತ್ತು ವರ್ಷ. ಮನೆ ಚಾಮರಾಜನಗರದಲ್ಲಿ, ಆಫೀಸು ಗುಂಡ್ಲುಪೇಟೆಯಲ್ಲಿ. ಬೆಳಿಗ್ಗೆ ಎಂಟೂಕಾಲರ ಬಸ್ಸು ಹತ್ತಿದರೆ ಇಳಿಯುವಷ್ಟರಲ್ಲಿ ಎರಡು ಪತ್ರದ ಕರಡು ಓದಿ ಮುಗಿಸಿರುತ್ತೇನೆ. ನಾಲ್ಕು ಕಂಪ್ಯೂಟರ್, ಐದು ಜನ ಕೆಲಸಗಾರರು. ಮನೆಯಲ್ಲಿ ಎಪ್ಪತ್ನಾಲ್ಕರ ಅತ್ತೆ ಸೋಮಮ್ಮ, ಬಿ.ಎಸ್ಸಿ. ಓದುವ ಮಗಳು ಕಾವ್ಯಶ್ರೀ. ಅತ್ತೆಯ ಬಿ.ಪಿ. ಮಾತ್ರೆ, ಮಗಳ ಫೀಸು, ಗಿರಾಕಿಯ ಪಹಣಿ ಇವೆಲ್ಲ ನನ್ನ ಒಂದೇ ಬ್ಯಾಗಿನಲ್ಲಿರುತ್ತವೆ, ಇಲ್ಲಿಯವರೆಗೆ ಒಂದರ ಬದಲು ಇನ್ನೊಂದನ್ನು ಕೊಟ್ಟಿಲ್ಲ.

ಇಂಥವಳ ಬದುಕಿಗೆ ಶಿವಮಲ್ಲು ಬಂದರು.

ಅವರು ಲೈಸೆನ್ಸ್ ಇರುವ ಸರ್ವೆಯರ್. ಭೀಮನಬೀಡಿನವರು, ಐವತ್ತೊಂದು ವರ್ಷ, ಮದುವೆಯಾಗಿಲ್ಲ. ನಾನು ಬರೆಯುವ ಪತ್ರಗಳಿಗೆ ಜಮೀನಿನ ನಕ್ಷೆ ತಂದುಕೊಡುತ್ತಿದ್ದರು. ಅವರ ನಕ್ಷೆಯಲ್ಲಿ ಎರಡು ವರ್ಷ ಹುಡುಕಿದರೂ ನನಗೊಂದು ತಪ್ಪು ಸಿಕ್ಕಲಿಲ್ಲ, ಅದೇ ಮೊದಲು ನನಗೆ ಅನುಮಾನ ತಂದಿದ್ದು. ಆಮೇಲೆ ತಪ್ಪು ಹುಡುಕುವ ನೆಪದಲ್ಲಿ ಅವರನ್ನು ಹೆಚ್ಚು ಹೊತ್ತು ಕೂರಿಸಿಕೊಳ್ಳತೊಡಗಿದೆ. ಅವರಿಗೂ ಅದು ಗೊತ್ತಾಗಿತ್ತು. ನಾನು ಊಟ ಬಿಟ್ಟು ಕೆಲಸ ಮಾಡುವ ದಿನ ಏನೂ ಹೇಳದೆ ಪಕ್ಕದ ಹೋಟೆಲಿನಿಂದ ಎರಡು ಇಡ್ಲಿ ಕಟ್ಟಿಸಿ ತಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು. ಈ ವಯಸ್ಸಿನಲ್ಲಿ ಆ ಮಾತು ಆಡಲು ನಾಚಿಕೆಯಾಗುತ್ತದೆ, ಆದರೆ ಅದಕ್ಕೆ ಬೇರೆ ಮಾತಿಲ್ಲ.

ಸಂಕ್ರಾಂತಿ ಕಳೆದ ವಾರ, ಅದೇ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ, ಅಳತೆಗೆ ದಿನ ಗೊತ್ತು ಮಾಡುವವರಂತೆ ಹೇಳಿದರು.

"ಮೇಡಂ, ನಾವು ಮದ್ವ ಆಗನ್ವಾ? ಅರ್ಜೆಂಟೇನಿಲ್ಲ. ಮನೇಲಿ ಕೇಳಿ. ಯುಗಾದಿ ಒಳಗ ಒಂದ್ ಮಾತು ಏಳಿ, ಸಾಕು."

ಹೂಂ ಎನ್ನಲು ನನ್ನ ನಾಲಿಗೆ ತುದಿಯಲ್ಲೇ ಇತ್ತು. ಆದರೆ ನಾನು ಯಾವ ಕಾಗದಕ್ಕೂ ಅದೇ ದಿನ ಸಹಿ ಹಾಕಿದವಳಲ್ಲ. ಯೋಚನೆ ಮಾಡ್ತೀನಿ ಎಂದೆ.

ಮನೆಗೆ ಬಂದು ಸೋಮಮ್ಮನಿಗೆ ಹೇಳಿದೆ. ಅವರು ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಕಟ್ಕ. ನಾನೇನ್ ಬ್ಯಾಡ ಅನ್ನಲ್ಲ. ನನ್ ಮಗ ಹೋದ್ಮೇಲ ಈ ಮನ ನಿಂತಿರದು ನಿನ್ ದುಡಿಮೇಲಿ. ಆದ್ರ ಒಂದ್ ಮಾತು. ಐವತ್ತೊಂದ್ ವರ್ಸ ಮದ್ವ ಆಗ್ದೆ ಕುಂತಿದ್ದ ಗಂಡ್ಸು, ಯಾಕ್ ಕುಂತಿದ್ದ ಅಂತ ಕೇಳಿದ್ದಯಾ?"

"ಅಕ್ಕ ತೀರ್ಕೊಂಡ್ರಂತೆ. ಬಾವ ಬಿಟ್ಟು ಹೋದ್ರಂತೆ. ಅಕ್ಕನ ಮಗಳನ್ನ ಇವರೇ ಸಾಕಿದ್ರಂತೆ."

"ಅಂತ," ಎಂದರು ಸೋಮಮ್ಮ. "ಅಂತ, ಅಂತ. ಊರೋರ್ ಕಾಗ್ದವೆಲ್ಲ ಬಗ್ದು ನೋಡ್ತಿಯೆ. ಇವಂದೊಂದ್ ನೋಡ್ದೆ ಬುಟ್ಬುಟ್ಟಯಾ?"

ಅಷ್ಟು ಸಾಕಾಯಿತು. ನನ್ನೊಳಗೆ ಕಡ್ಡಿ ಗೀರಿಟ್ಟು ತಮ್ಮ ಪಾಡಿಗೆ ಅವರೆಕಾಯಿ ಸುಲಿಯುತ್ತಾ ಕೂತರು.

ಮಾರನೆಯ ದಿನದಿಂದ ನನ್ನ ಕಣ್ಣು ಬೇರೆಯಾಯಿತು. ಶಿವಮಲ್ಲು ಸಾಕಿದ ಆ ಹುಡುಗಿಯನ್ನು ಅವರು ಯಾವಾಗಲೂ 'ನಮ್ಮಮ್ಮಿ' ಎನ್ನುತ್ತಿದ್ದರು, ನಮ್ಮ ಕಡೆ ಹೆಣ್ಣುಮಗಳನ್ನು ಅಕ್ಕರೆಯಿಂದ ಕರೆಯುವುದೇ ಹಾಗೆ. ಉಮ್ಮತ್ತೂರಿಗೆ ಕೊಟ್ಟಿದೆ, ಗಂಡ ಒಳ್ಳೆಯವನು, ಒಂದು ಹೆಣ್ಣುಮಗು ಇದೆ ಎಂದಿದ್ದರು. ಸರಿ. ಆದರೆ ಒಂದು ವಾರ ಬಿಟ್ಟು ಒಂದು ವಾರ ಭಾನುವಾರ ತಪ್ಪದೆ ಉಮ್ಮತ್ತೂರಿಗೆ ಹೋಗುವುದೇಕೆ? ಅವರ ಹಳೇ ಮಾರುತಿ ವ್ಯಾನಿನ ಸೀಟಿನ ಮೇಲೆ ಒಂದು ದಿನ ಹಸಿರು ಗಾಜಿನ ಬಳೆಯ ಪೊಟ್ಟಣ ಕಂಡೆ. "ಅಮ್ಮಿಗೆ," ಎಂದರು. ತವರಿನ ಕಡೆಯಿಂದ ಬಳೆ ಹೋಗುವುದು ಸಹಜ ತಾನೇ? ಸಹಜವಾದದ್ದರ ಮೇಲೆಯೇ ನನಗೆ ಹೆಚ್ಚು ಅನುಮಾನ. ಫೋನು ಬಂದರೆ ಎದ್ದು ಆಚೆ ಹೋಗಿ, "ಉಣ್ಕ ಕಣಮ್ಮಿ, ನಾನು ಬತ್ತಿನಿ," ಎನ್ನುತ್ತಿದ್ದರು. ಆ ದನಿಯಲ್ಲಿ ನನ್ನ ಹತ್ತಿರ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಜಮೀನು ಕೊಳ್ಳುವ ಮುಂಚೆ ನಮ್ಮಲ್ಲಿ ಇ.ಸಿ. ತೆಗೆಸುತ್ತಾರೆ. ಆ ನೆಲದ ಮೇಲೆ ಇಷ್ಟು ವರ್ಷದಲ್ಲಿ ಯಾರು ಯಾರಿಗೆ ಏನು ಬರೆದುಕೊಟ್ಟಿದ್ದಾರೆ ಎಂಬ ಪಟ್ಟಿ ಅದು. ಭೀಮನಬೀಡಿನಲ್ಲಿ ಅವರಿಗೊಂದು ಜಮೀನಿದೆ, ಸರ್ವೆ ನಂಬರು ನನಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಮನೆಯಲ್ಲೇ ಕೂತು ಮೂವತ್ತು ವರ್ಷದ ಇ.ಸಿ.ಗೆ ಅರ್ಜಿ ಹಾಕಿದೆ. ಹಿಂದಿನಿಂದ ಬಂದ ಕಾವ್ಯಶ್ರೀ ಪರದೆಯ ಮೇಲಿದ್ದ ಹೆಸರು ನೋಡಿದಳು.

"ಅಮ್ಮಾ, ನೀನು ಮದುವೆ ಆಗ್ತಿದ್ದೀಯೋ, ಸೈಟ್ ತಗೋತಿದ್ದೀಯೋ?"

"ಸುಮ್ನಿರು."

"ನನಗೆ ಅವರು ಇಷ್ಟ. ಇಷ್ಟು ಸಲ ಮನೆಗೆ ಬಂದ್ರೂ ಒಂದು ದಿನ ನನ್ನ ಮೇಲೆ ಅಪ್ಪನ ಥರ ಅಧಿಕಾರ ಮಾಡಕ್ಕೆ ಬಂದಿಲ್ಲ. ಏನು ಬೇಕೋ ಅವರನ್ನೇ ಕೇಳಬಾರದಾ?"

ಕೇಳಿದರೆ ಏನು ಹೇಳುತ್ತಾರೆ ಎಂಬುದು ಕೇಳುವ ಮುಂಚೆಯೇ ಎಲ್ಲರಿಗೂ ಗೊತ್ತಿರುತ್ತದೆ ಮಗಳೇ, ಎಂದುಕೊಂಡೆ.

ಎರಡು ದಿನಕ್ಕೆ, ಆಫೀಸಿನಲ್ಲಿದ್ದಾಗ, ಇ.ಸಿ. ಬಂತು. ಎರಡೇ ಸಾಲು. ಮೊದಲನೆಯದು ಅಣ್ಣತಮ್ಮಂದಿರ ವಿಭಾಗ ಪತ್ರ. ಎರಡನೆಯದು ಎರಡು ಸಾವಿರದ ಹನ್ನೊಂದರ ದಾನಪತ್ರ, ಒಂದು ಎಕರೆ. ಬರೆದುಕೊಟ್ಟವರು: ಶಿವಮಲ್ಲು ಬಿನ್ ಗುರುಮಲ್ಲಯ್ಯ. ಬರೆಸಿಕೊಂಡವರು: ಶಾಂತಿ ಕೋಂ ಶಿವಮಲ್ಲು.

ನಮ್ಮ ಕಡೆಯ ಕಾಗದಗಳಲ್ಲಿ ಯಾರ ಹೆಸರೂ ಒಂಟಿಯಾಗಿರುವುದಿಲ್ಲ. ಗಂಡಸಾದರೆ ಬಿನ್ ಎಂದು ಬರೆದು ಅಪ್ಪನ ಹೆಸರು. ಮದುವೆಯಾಗದ ಹೆಣ್ಣಿಗೂ ಬಿನ್. ಮದುವೆಯಾದ ಹೆಂಗಸಾದರೆ ಕೋಂ ಎಂದು ಬರೆದು ಗಂಡನ ಹೆಸರು. ನಾನು ಚಂದ್ರಮತಿ ಕೋಂ ಲೇಟ್ ಗಂಗಾಧರಸ್ವಾಮಿ. ಶಾಂತಿ ಕೋಂ ಶಿವಮಲ್ಲು ಎಂದರೆ ಶಿವಮಲ್ಲುವಿನ ಹೆಂಡತಿ ಶಾಂತಿ. ಪಹಣಿ ಕಂಡ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ.

ಮೋಸ ಹೋಗುವವರ ಮುಖ ನಾನು ದಿನಾ ನೋಡುತ್ತೇನೆ, ಮನಸ್ಸಿನಲ್ಲೇ ಸಣ್ಣಗೆ ನಗುತ್ತೇನೆ. ಆ ದಿನ ನನ್ನ ಮುಖ ಹೇಗಿತ್ತೋ. ನನಗೆ ಬಂದಿದ್ದು ಅಳು ಅಲ್ಲ, ಸಿಟ್ಟು.

ಅಷ್ಟರಲ್ಲಿ ಶಿವಮಲ್ಲು ನಕ್ಷೆಯ ಸುರುಳಿ ಹಿಡಿದು ಒಳಗೆ ಬಂದರು. ನಾನು ಇ.ಸಿ.ಯನ್ನು ಫೈಲಿನ ಕೆಳಗೆ ಸರಿಸಿದೆ.

"ನಿಮ್ಮ ಅಮ್ಮಿಯ ಹೆಸರೇನು?" ಎಂದು ಕೇಳಿದೆ.

"ಶಾಂತಿ. ಯಾಕ್ ಮೇಡಂ?"

"ಸುಮ್ಮನೆ."

ಅವರಿಂದ ನಾನು ಕೇಳಿದ್ದು ಅಷ್ಟೇ. ಅಕ್ಕನ ಮಗಳೇ ಶಾಂತಿ ಎಂದ ಮೇಲೆ ಅನುಮಾನ ತೀರಬೇಕಿತ್ತಲ್ಲ ಎಂದು ದೂರದವರು ಯಾರಾದರೂ ಕೇಳಬಹುದು. ನಮ್ಮಲ್ಲಿ ತೀರುವುದಿಲ್ಲ, ಅಲ್ಲಿಂದಲೇ ಶುರುವಾಗುತ್ತದೆ. ಅಕ್ಕನ ಮಗಳಿಗೆ ಸೋದರಮಾವನೇ ಮೊದಲ ಹಕ್ಕಿನ ಗಂಡು. ನನ್ನ ಅತ್ತೆ ಸೋಮಮ್ಮ ಮದುವೆಯಾಗಿದ್ದು ತನ್ನ ಸ್ವಂತ ಸೋದರಮಾವನನ್ನು. ಹಾಗಾದರೆ ಈ ಮನುಷ್ಯ ಅಕ್ಕನ ಮಗಳನ್ನು ಸಾಕಿ, ಇಪ್ಪತ್ತು ತುಂಬುತ್ತಲೇ ಕಟ್ಟಿಕೊಂಡು, ಒಂದು ಎಕರೆ ಬರೆದುಕೊಟ್ಟು, ಆಮೇಲೆ ಏನೋ ಆಗಿ ಇನ್ನೊಬ್ಬನಿಗೆ ದಾಟಿಸಿದ್ದಾನೆ. ಅಥವಾ ದಾಟಿಸಿಯೇ ಇಲ್ಲ. ಉಮ್ಮತ್ತೂರಿನಲ್ಲಿ ಒಂದು ಸಂಸಾರ ಇಟ್ಟು, ಗುಂಡ್ಲುಪೇಟೆಯಲ್ಲಿ ನನಗೆ ಇಡ್ಲಿ ಕಟ್ಟಿಸುತ್ತಿದ್ದಾನೆ. ಭಾನುವಾರಗಳು, ಬಳೆ, ಆ ದನಿ ಎಲ್ಲಾ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿ ಕೂತವು.

ಆ ದಾನಪತ್ರದ ನಕಲಿಗೂ ಅರ್ಜಿ ಹಾಕಿದೆ. ಇ.ಸಿ.ಯಲ್ಲಿ ಹೆಸರು ಮಾತ್ರ ಇರುತ್ತದೆ, ಒಳಗೇನು ಬರೆದಿದೆ ಎಂಬುದು ನಕಲಿನಲ್ಲೇ ಸಿಗುವುದು. ನಕಲು ನೋಡದೆ ಹೆಜ್ಜೆ ಇಡಬೇಡಿ ಎಂದು ಹದಿನೈದು ವರ್ಷದಿಂದ ಗಿರಾಕಿಗಳಿಗೆ ಬೈದು ಹೇಳುತ್ತಿದ್ದೇನೆ. ನನಗೆ ಮಾತ್ರ ಆ ನಾಲ್ಕು ದಿನ ಕಾಯಲಾಗಲಿಲ್ಲ. ಗುರುವಾರ ಆಫೀಸಿಗೆ ಹೋಗದೆ ಉಮ್ಮತ್ತೂರಿನ ಬಸ್ಸು ಹತ್ತಿದೆ.

ಶಾಂತಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ಅವಳ ಅತ್ತೆ ನಂಜಮ್ಮಣ್ಣಿ ಹುರುಳಿ ಕೇರುತ್ತಿದ್ದರು. ನಾನು ಬೇಕೆಂದೇ ಹೀಗೆ ಕೇಳಿದೆ. ಕೇಳಿದ ತಕ್ಷಣ ಮುಖದಲ್ಲಿ ಏನು ಆಗುತ್ತದೋ ನೋಡಬೇಕಿತ್ತು.

"ಶಾಂತಿ ಕೋಂ ಶಿವಮಲ್ಲು ಅನ್ನೋರ ಮನೆ ಇದೇನಾ?"

ಮೊರ ನಿಂತಿತು.

"ಕೋಂ ಯಾರು ಅಂದ್ರಿ?"

"ಶಿವಮಲ್ಲು. ಭೀಮನಬೀಡು."

"ಕೋಂ ಮಲ್ಲೇಶ ಕಣವ್ವ. ನನ್ ಮಗ ಮಲ್ಲೇಶ. ಶಿವಮಲ್ಲು ಅವ್ಳ ಸೋದ್ರಮಾವ."

"ಕಾಗದದಲ್ಲಿ ಹಾಗಿಲ್ಲವಲ್ಲ," ಎಂದು ಇ.ಸಿ. ತೆಗೆದು ತೋರಿಸಿದೆ. ಒಳಗಿನಿಂದ ತೆಳ್ಳಗಿನ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು. ಕೈತುಂಬ ಹಸಿರು ಬಳೆ. ನಂಜಮ್ಮಣ್ಣಿ ನನ್ನ ಕಾಗದ ನೋಡಲಿಲ್ಲ, ಆ ಬಳೆಗಳನ್ನೇ ನೋಡುತ್ತಿದ್ದರು. ನನ್ನ ತಲೆಯಲ್ಲಿ ಓಡಿದ್ದೆಲ್ಲ ಅವರ ತಲೆಯಲ್ಲೂ ಅದೇ ದಾರಿಯಲ್ಲಿ ಓಡುತ್ತಿರುವುದು ನನಗೆ ಕಾಣಿಸಿತು. ಯಾಕೋ ಒಂದು ಗಳಿಗೆ ಹೆದರಿಕೆಯಾಯಿತು. ಖಾತೆ ವಿಚಾರ, ಸುಮ್ಮನೆ ವಿಚಾರಿಸಲು ಬಂದೆ ಎಂದು ಏನೋ ತೊದಲಿ ಬಸ್ ಸ್ಟಾಪಿಗೆ ಬಂದುಬಿಟ್ಟೆ.

ಶನಿವಾರ ಬೆಳಿಗ್ಗೆ ಶಿವಮಲ್ಲು ಆಫೀಸಿಗೆ ಬಂದರು. ಕೈಯಲ್ಲಿ ನಕ್ಷೆ ಇರಲಿಲ್ಲ. ಕೂರಲಿಲ್ಲ.

"ಉಮ್ಮತ್ತೂರ್ಗ ಓಗಿದ್ರಾ?"

"ಹೋಗಿದ್ದೆ."

"ಅಮ್ಮಿನ ನಮ್ ಮನಗ ಕಳ್ಸವ್ರ. ಬ್ಯಾಗ್ ಕೈಗ ಕೊಟ್ಟು. ಮಗೀನ ಅಲ್ಲೇ ಇಟ್ಕಂಡವ್ರ."

ನಾನು ತಪ್ಪು ಮಾಡಿದೆ ಎಂದು ಆಗಲೂ ನನಗೆ ಅನ್ನಿಸಲಿಲ್ಲ. ಸಿಕ್ಕಿಬಿದ್ದವರು ಮೊದಲು ಕನಿಕರದ ಮಾತೇ ಆಡುವುದು ಎಂದುಕೊಂಡೆ. ಇ.ಸಿ.ಯನ್ನು ಅವರ ಮುಂದೆ ಎಸೆದೆ. ಅವರು ಅದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ತುಂಬ ಹೊತ್ತು ಓದಿದರು.

"ಅವ್ಳಿಗ ಸ್ಕೂಲಲ್ಲೂ ಅಪ್ಪನ್ ಜಾಗ್ದಲ್ಲಿ ನನ್ ಎಸ್ರೇ ಕೊಟ್ಟಿದ್ದು. ಬಿನ್ ಅಂತ ಇರ್ಬೇಕಾಗಿತ್ತು. ನಾನು ಚಕ್ಕುಬಂದಿ, ನಾಕ್ ದಿಕ್ಕಿನ ಎಲ್ಲೆ, ಸರಿ ಅದಾ ಅಂತ ನೋಡ್ಬುಟ್ಟು ಸಹಿ ಮಾಡ್ದೆ. ಈ ಕೋಂ ಮೇಲ ಕಣ್ಣೇ ಓಗಿಲ್ಲ." ಕಾಗದ ಮಡಿಸಿ ಮೇಜಿನ ಮೇಲಿಟ್ಟರು. "ನನ್ನೇ ಒಂದ್ ಮಾತು ಕೇಳ್ಬೋದಿತ್ತಲ್ಲ ಮೇಡಂ."

"ಕೇಳಿದ್ರೆ ನಿಜ ಹೇಳ್ತಿದ್ರಾ?"

ಬಾಯಿಂದ ಬಂದುಬಿಟ್ಟಿತು. ಅವರು ನನ್ನ ಮುಖವನ್ನು ಒಮ್ಮೆ ನೋಡಿದರು.

"ಯುಗಾದಿಗ ಅಂತ ಒಂದ್ ಮಾತು ಕೇಳಿದ್ನಲ್ಲ," ಎಂದರು. "ಅದ್ನ ಕೇಳೇ ಇಲ್ಲ ಅನ್ಕಬುಡಿ."

ಸೋಮವಾರ ನಕಲು ಬಂತು. ಮೊದಲ ಪುಟದ ಮೇಲ್ಗಡೆ ಶಾಂತಿ ಕೋಂ ಶಿವಮಲ್ಲು ಎಂದೇ ಇತ್ತು. ಒಳಗೆ ಹೀಗಿತ್ತು: 'ನನ್ನ ಅಕ್ಕನ ಮಗಳಾದ, ನಾನು ಮಗಳಂತೆ ಸಾಕಿ ಬೆಳೆಸಿದ ನಿನ್ನ ಮೇಲಿನ ವಾತ್ಸಲ್ಯದಿಂದ, ನಿನ್ನ ಮುಂದಿನ ವಿವಾಹ ಜೀವನಕ್ಕೆ ಆಧಾರವಾಗಲೆಂದು...' ಕೊನೆಯ ಪುಟದಲ್ಲಿ 'ಬರೆದವರು' ಎಂಬಲ್ಲಿ ಒಂದು ರುಜು. ಚಂದ್ರಮತಿ. ತಿ ಅಕ್ಷರದ ಗುಡಿಸನ್ನು ಉದ್ದಕ್ಕೆ ಎಳೆಯುವುದು ನನ್ನ ಅಭ್ಯಾಸ.

ಬರೆದವಳು ನಾನೇ. ಲೈಸೆನ್ಸ್ ಸಿಕ್ಕಿದ ಮರುವರ್ಷ. ನನಗೆ ಕೆಲಸ ಕಲಿಸಿದ ರಾಚಯ್ಯನವರು, ಅವರೀಗ ಇಲ್ಲ, ಆಗೆಲ್ಲ ಹೇಳುತ್ತಿದ್ದರು: "ಹೆಂಗ್ಸು ಬಂದ್ರ ಕೋಂ ಹಾಕವ್ವ, ಗಂಡ್ಸು ಬಂದ್ರ ಬಿನ್ ಹಾಕವ್ವ, ಕೈ ತಡೀಬಾರ್ದು." ನನ್ನ ಕೈ ತಡೆದಿರಲಿಲ್ಲ. ಎದುರಿಗೆ ಕೂತಿದ್ದ ಇಪ್ಪತ್ತರ ಹುಡುಗಿಯ ಕೊರಳು ನೋಡದೆ, ಹೆಂಗಸು ಎಂದ ಕೂಡಲೇ ಯಾರದೋ ಹೆಂಡತಿ ಎಂದು ಬರೆದುಬಿಟ್ಟಿದ್ದೆ. ಎಷ್ಟು ಸಾವಿರ ಪತ್ರ ಬರೆದಿದ್ದೇನೋ, ಆ ಹುಡುಗಿಯ ಮುಖವೂ ನೆನಪಿಲ್ಲ, ಪಕ್ಕದಲ್ಲಿದ್ದ ಮಾವನ ಮುಖವೂ ನೆನಪಿಲ್ಲ.

ಆಫೀಸಿನ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಒಂಬತ್ತು ವರ್ಷದ ಹಿಂದೆ ಅತ್ತಿದ್ದು ಬಿಟ್ಟರೆ ಹಾಗೆ ಅತ್ತಿದ್ದು ಅವತ್ತೇ.

ಸೋಮಮ್ಮನಿಗೆ ಎಲ್ಲ ಹೇಳಿದೆ. ಏನಾದರೂ ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ.

"ಕಾಗ್ದ ನೋಡು ಅಂದೆ. ಊರ್ಗೋಗಿ ತಮಟ ಹೊಡಿ ಅಂದ್ನಾ?" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದ, "ಆ ಹೆಣ್ಮಗಳ ಮನ ಮೊದ್ಲು ಸರಿಮಾಡು. ನಿಂದು ಆಮೇಲ," ಎಂಬ ದನಿ ಬಂತು.

ತಿದ್ದುಪಡಿ ಪತ್ರ ಎಂದು ಒಂದಿದೆ. ಹಿಂದಿನ ಪತ್ರದ ತಪ್ಪನ್ನು ಇನ್ನೊಂದು ಪತ್ರ ಬರೆದು ನೋಂದಣಿ ಮಾಡಿಸಿ ಸರಿಪಡಿಸುವುದು. ಅದನ್ನು ಯಾರ ಕೈಗೂ ಕೊಡದೆ ನಾನೇ ಟೈಪ್ ಮಾಡಿದೆ. ಒಂದೊಂದು ಅಕ್ಷರವನ್ನೂ ಮೂರು ಸಲ ನೋಡಿದೆ. ಅದನ್ನು ಹಿಡಿದುಕೊಂಡು ಭೀಮನಬೀಡಿಗೆ ಹೋದಾಗ ಬಾಗಿಲು ತೆರೆದವಳು ಶಾಂತಿ. ನನ್ನನ್ನು ಗುರುತು ಹಿಡಿದು, ಬೈಯದೆ, "ಒಳೀಕ್ ಬನ್ನಿ," ಎಂದಳು. ಬೈದಿದ್ದರೆ ಚೆನ್ನಾಗಿತ್ತು. "ಮಗಳು ರಾತ್ರೆಲ್ಲ ಅಳ್ತಾಳಂತ," ಎಂದಳು ನೀರಿನ ಲೋಟ ಇಡುತ್ತಾ. ಹಳೇ ಪತ್ರ ಬರೆದವಳೂ ನಾನೇ ಎಂದು ಹೇಳಿ ತಿದ್ದುಪಡಿ ಕೊಟ್ಟೆ, ಶಿವಮಲ್ಲು ಓದಿದರು. ಈ ಸಲ ಚಕ್ಕುಬಂದಿ ಬಿಟ್ಟು ಹೆಸರುಗಳನ್ನೇ ಓದಿದರು.

"ಕಾಗ್ದ ಸರಿ ಆಯ್ತದ," ಎಂದರು. "ಆದ್ರ ಆ ಅಜ್ಜಿ ಕಾಗ್ದ ನೋಡಿ ಕಳಿಸ್ನಿಲ್ಲ, ನಿಮ್ ಬಾಯಿ ಮಾತು ಕೇಳಿ ಕಳಿಸ್ತು. ನೀವೇ ಬಂದು ಏಳ್ಬೇಕು. ತಪ್ಪು ನಂದು ಅಂತ."

ಹದಿನೈದು ವರ್ಷದಲ್ಲಿ ಆ ಎರಡು ಪದ ನಾನು ಯಾವ ಗಿರಾಕಿಗೂ ಹೇಳಿರಲಿಲ್ಲ. ಪತ್ರ ಬರೆಯುವವಳು ತಪ್ಪು ಒಪ್ಪಿಕೊಂಡರೆ ಮಾರನೇ ದಿನ ಮೆಟ್ಟಿಲು ಖಾಲಿ. ಬರ್ತೀನಿ ಎಂದೆ.

ಬುಧವಾರ ಬೆಳಿಗ್ಗೆ ನೋಂದಣಿ ಮುಗಿಸಿ ಮೂವರೂ ಅವರ ವ್ಯಾನಿನಲ್ಲಿ ಉಮ್ಮತ್ತೂರಿಗೆ ಹೋದೆವು. ಶಾಂತಿ ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು ಹಿಂದಿನ ಸೀಟಿನಲ್ಲಿದ್ದಳು.

ನಂಜಮ್ಮಣ್ಣಿ ನಮ್ಮನ್ನು ಜಗಲಿಯ ಮೇಲೇ ಕೂರಿಸಿದರು, ಒಳಗೆ ಕರೆಯಲಿಲ್ಲ. ಅವರ ಮಗ ಮಲ್ಲೇಶ್ ತಿದ್ದುಪಡಿ ಪತ್ರವನ್ನು ಗಟ್ಟಿಯಾಗಿ ಓದಿದ. ಹೆಂಡತಿ ವಾಪಸ್ಸು ಬಂದರೆ ಸಾಕೆಂಬುದು ಅವನ ಮುಖದಲ್ಲಿ ಸ್ಪಷ್ಟವಾಗಿತ್ತು, ಆದರೆ ಆ ಮನೆಯಲ್ಲಿ ಮಾತು ಅವನದಾಗಿರಲಿಲ್ಲ. ಓದಿ ಮುಗಿದ ಮೇಲೆ ನಾನು ಎದ್ದು ನಿಂತೆ.

"ತಪ್ಪು ನನ್ನದು, ಅವ್ವ. ಅವತ್ತು ಈ ಪತ್ರ ಬರೆದವಳೇ ನಾನು. ಬಿನ್ ಅನ್ನೋ ಕಡೆ ಕೋಂ ಹಾಕಿದೆ. ಆಮೇಲೆ ನನ್ನ ತಪ್ಪನ್ನೇ ಹಿಡ್ಕೊಂಡು ನಿಮ್ಮ ಮನೆಗೆ ಬಂದು ಬೆಂಕಿ ಹಚ್ಚಿದೆ."

ನಂಜಮ್ಮಣ್ಣಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬರಿಯೋರೂ ನೀವೇ, ತಿದ್ದೋರೂ ನೀವೇ. ನಾಳ ಇನ್ನೊಂದ್ ತಿದ್ದೀರಿ." ಎಲೆಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಹೋಯಿತು. "ತಪ್ಪು ಒಪ್ಕತಿದ್ದರಿ, ಸರಿ. ಯಾಕ್ ಒಪ್ಕತಿದ್ದರಿ ಅನ್ನದು ಗೊತ್ತಾಗ್ಬೇಕಲ್ಲ. ನಿಮ್ಗೂ ಈ ಶಿವಮಲ್ಲಪ್ಪಂಗೂ ಏನೋ ಅದ ಅಂತ ಬಸ್ಸಲ್ಲೇ ಜನ ಮಾತಾಡ್ತರ. ಅವ್ರ ಮುಖ ಉಳ್ಸಕ ನೀವು ಒಂದ್ ಸುಳ್ಳು ಏಳಲ್ವಾ?"

ನಾನಿದ್ದರೂ ಇದೇ ಪ್ರಶ್ನೆ ಕೇಳುತ್ತಿದ್ದೆ. ಬೇಕಾದವರು ಸಾಕ್ಷಿ ಹಾಕಲು ಬಂದರೆ ನಾನು ಪೆನ್ನು ಕಿತ್ತುಕೊಂಡು ಆಚೆ ಕಳಿಸುತ್ತೇನೆ. ನಮ್ಮಿಬ್ಬರ ನಡುವೆ ಏನಿಲ್ಲ ಎನ್ನಬಹುದಿತ್ತು, ಅದು ಆ ಹೊತ್ತಿಗೆ ನಿಜವೂ ಆಗಿತ್ತು, ಆದರೆ ನಂಬುವವರು ಯಾರು? ಶಾಂತಿ ಬ್ಯಾಗಿನ ಹಿಡಿಯನ್ನು ಮತ್ತೆ ಬಿಗಿಯಾಗಿ ಹಿಡಿದುಕೊಳ್ಳುವುದು ಕಂಡಿತು. ಒಳಗೆ ಮಗು ಕಿಟಕಿಯಿಂದ ಅಮ್ಮನನ್ನು ಕಂಡು ಅಳುತ್ತಾ ಬಾಗಿಲು ಬಡಿಯುತ್ತಿತ್ತು. ನನ್ನ ಬಾಯಿ ನನಗಿಂತ ಮುಂದೆ ಹೋಯಿತು.

"ಇದೆ. ನಾನು ಇವರನ್ನ ಮದುವೆ ಆಗ್ತಿದ್ದೀನಿ. ಅದಕ್ಕೇ ನಂಬಿ ಅಂತಿದ್ದೀನಿ. ಗುಂಡ್ಲುಪೇಟೆಲಿ ಯಾರನ್ನ ಬೇಕಾದ್ರೂ ಕೇಳಿ ಅವ್ವ, ನನ್ನಷ್ಟು ಅನುಮಾನದ ಹೆಂಗಸು ಈ ಜಿಲ್ಲೇಲಿ ಇನ್ನೊಬ್ಬಳಿಲ್ಲ. ಇವರ ಮೂವತ್ತು ವರ್ಷದ ಕಾಗದ ತೆಗೆಸಿದೆ. ಸಾಲದು ಅಂತ ನಿಮ್ಮ ಮನೆಗೂ ಬಂದೆ. ಇವರಿಗೆ ಹೆಂಡ್ತಿ ಅಂತ ಒಬ್ಬಳು ಎಲ್ಲಾದ್ರೂ ಇದ್ದಿದ್ರೆ ನಾನು ಬಿಡ್ತಿದ್ನಾ? ಎಲ್ಲಾ ಬಗೆದು ನೋಡಿ, ಆಮೇಲೆ ಕಟ್ಕೊಳ್ತಿದ್ದೀನಿ. ನನಗೂ ಒಬ್ಬಳು ಬೆಳೆದ ಮಗಳಿದ್ದಾಳೆ."

ಮಲ್ಲೇಶ್‌ಗೆ ನಗು ಬಂದು ತಲೆ ತಗ್ಗಿಸಿದ. ನಂಜಮ್ಮಣ್ಣಿ ನಗಲಿಲ್ಲ. ಆದರೆ ಅವರ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು. ಒಬ್ಬ ಅನುಮಾನದ ಹೆಂಗಸಿಗೆ ಇನ್ನೊಬ್ಬ ಅನುಮಾನದ ಹೆಂಗಸಿನ ಮಾತು ಅರ್ಥವಾಗುತ್ತದೆ. ಶಿವಮಲ್ಲುವಿನ ಕಡೆ ತಿರುಗಿದರು.

"ದಿಟವಾ ಶಿವಮಲ್ಲಪ್ಪ?"

ನಾನು ಏನು ಮಾಡಿದ್ದೇನೆ ಎಂಬುದು ನನಗೆ ಹೊಳೆದಿದ್ದು ಆಗ. ಅವರು ಆ ಮಾತನ್ನು ವಾಪಸ್ಸು ತೆಗೆದುಕೊಂಡಿದ್ದರು. ಮದುವೆ ಎಂಬುದು ನಮ್ಮ ನಡುವೆ ಉಳಿದೇ ಇರಲಿಲ್ಲ. ಈಗ ಇಲ್ಲ ಎಂದರೆ ನಾನು ಸುಳ್ಳಿಯಾಗುತ್ತೇನೆ, ನನ್ನ ತಿದ್ದುಪಡಿಯೂ ಸುಳ್ಳಾಗುತ್ತದೆ, ಶಾಂತಿ ಅದೇ ಬ್ಯಾಗು ಹಿಡಿದು ಅದೇ ವ್ಯಾನು ಹತ್ತಬೇಕಾಗುತ್ತದೆ. ಅವರಿಗೆ ಬೇರೆ ದಾರಿಯನ್ನೇ ನಾನು ಇಟ್ಟಿರಲಿಲ್ಲ.

ಶಿವಮಲ್ಲು ನನ್ನನ್ನು ನೋಡಲಿಲ್ಲ. ಶಾಂತಿಯನ್ನು ನೋಡಿದರು.

"ದಿಟ ಕಣವ್ವ," ಎಂದರು.

ನಂಜಮ್ಮಣ್ಣಿ ಎದ್ದು ಎಲೆಅಡಿಕೆ ಉಗಿದು ಬಂದು, "ಇನ್ನೇನ್ ನಿಂತಿದ್ದಯೇ, ಕಾಪಿಗ್ ಇಡೋಗು," ಎಂದು ಸೊಸೆಗೆ ಹೇಳಿದರು. ಶಾಂತಿ ಬ್ಯಾಗು ಅಲ್ಲೇ ಬಿಟ್ಟು ಒಳಗೆ ಓಡಿದಳು. ಮಗುವಿನ ಅಳು ನಿಂತಿತು. ಕಾಫಿ ಬಂತು, ಅದರಲ್ಲಿ ಸಕ್ಕರೆ ಇತ್ತೋ ಇಲ್ಲವೋ ನನಗೆ ನೆನಪಿಲ್ಲ.

ವಾಪಸ್ಸು ಬರುವಾಗ ವ್ಯಾನಿನಲ್ಲಿ ನಾವಿಬ್ಬರೇ.

ಪತ್ರಕ್ಕೆ ಸಹಿ ಹಾಕಿಸುವ ಮುಂಚೆ ನಾನು ಪ್ರತಿಯೊಬ್ಬರನ್ನೂ ಕೇಳುವ ಒಂದು ಮಾತಿದೆ: ಯಾರ ಬಲವಂತವೂ ಇಲ್ಲದೆ, ನಿಮ್ಮ ಸ್ವಂತ ಮನಸ್ಸಿನಿಂದ ಬರೆದುಕೊಡ್ತಿದ್ದೀರಾ? ವಯಸ್ಸಾದ ತಾಯಂದಿರನ್ನು ಕೇಳುವಾಗ ಮಕ್ಕಳನ್ನೆಲ್ಲ ಆಚೆ ನಿಲ್ಲಿಸಿ ಕೇಳುತ್ತೇನೆ, ಅವರ ಮುಖ ನೋಡಿಕೊಂಡು ಯಾರೂ ಹೂಂ ಅನ್ನಬಾರದು ಎಂದು. ಇವರ ಹೂಂ ಅನ್ನು ಮಾತ್ರ ನಾನು ಇಡೀ ಮನೆಯನ್ನು ಮುಂದೆ ಕೂರಿಸಿಕೊಂಡು ಕಿತ್ತುಕೊಂಡಿದ್ದೆ. ಆ ಮಾತು ನನಗಾಗಿ ಬಂತೋ, ಅಮ್ಮಿಗಾಗಿ ಬಂತೋ? ಕೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಅಮ್ಮಿಗಾಗಿ ಎಂದರೆ ಅಲ್ಲಿಗೆ ಮುಗಿಯಿತು. ನಿಮಗಾಗಿ ಎಂದರೆ ನಾನು ನಂಬುತ್ತೇನೆಯೇ? ನನ್ನನ್ನು ನಾನು ಬಲ್ಲೆ.

ಸುಮಾರು ದೂರ ಬಂದ ಮೇಲೆ ಅವರೇ ಮಾತಾಡಿದರು. ಕಣ್ಣು ರಸ್ತೆಯ ಮೇಲಿತ್ತು.

"ಮದ್ವ ಯಾವತ್ ಇಟ್ಕಳನ?"

ಅವರ ಮುಖವನ್ನು ನೋಡಿದೆ. ಸಿಟ್ಟಿದೆಯೇ, ಕನಿಕರವಿದೆಯೇ, ಹಳೆಯದೇನಾದರೂ ಉಳಿದಿದೆಯೇ ಎಂದು ಹುಡುಕಿದೆ. ಗುಂಡ್ಲುಪೇಟೆಯ ಮೆಟ್ಟಿಲ ಮೇಲೆ ಕೂತವರ ಸಾವಿರ ಮುಖ ಓದಿದವಳಿಗೆ ಆ ಒಂದು ಮುಖ ಓದಲು ಬರಲಿಲ್ಲ.

"ನೀವು ಹೇಳಿದ ದಿನ," ಎಂದೆ.

"ಆಯ್ತು."

ನಾನು ಬೇರೇನೂ ಕೇಳಲಿಲ್ಲ. ನನಗೆ ಅವರು ಬೇಕಾಗಿದ್ದರು. ಕೇಳಿದರೆ ಎಲ್ಲಿ ಕೈತಪ್ಪಿ ಹೋಗುತ್ತಾರೋ ಎಂಬ ಭಯಕ್ಕೆ ಬಾಯಿ ಮುಚ್ಚಿಕೊಂಡು ಚಾಮರಾಜನಗರ ಬರುವವರೆಗೂ ಅವರ ಪಕ್ಕದಲ್ಲಿ ಕೂತಿದ್ದೆ.